ಉಡಿ ಹೋಯಿತು, ಕಿಸೆ ಬರಲಿಲ್ಲ

ಮುಂಜಾನೆಯ ಹೊತ್ತು. ಗದಗಿಗೆ ಹೋಗುವ ಬಸ್ಸು ಕೋಟುಮಚಗಿಗೆ ಬಂದು ನಿಂತೊಡನೆ, ಅದುವರೆಗೆ ಕಾದು ನಿಂತಿದ್ದವರೆಲ್ಲ ಬಾಗಿಲಿಗೆ ಧಾವಿಸುತ್ತಾರೆ. ಅವರಲ್ಲೊಬ್ಬಳು ತಾಯಿ. ಅವಳ ಬಗಲಲ್ಲಿ ಕೂಸು, ಬಲಗೈಯಲ್ಲಿ ಚೀಲ, ಹೆಗಲಿನಿಂದ ಜಾರುತ್ತಿರುವ ಸೆರಗು. ಹೇಗೋ ಒಳಗೆ ಹತ್ತಿ ಕುಳಿತು ಉಸಿರು ಬಿಡುವಷ್ಟರಲ್ಲಿ ನಿರ್ವಾಹಕರು ಎದುರಿಗೆ ನಿಂತಿರುತ್ತಾರೆ. 2023ರ ಜೂನ್ 11ರಿಂದ ಕರ್ನಾಟಕದ ಮಹಿಳೆಯರಿಗೆ ಸರಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಆದರೆ ಗುರುತಿನ ಚೀಟಿಯನ್ನು ತೋರಿಸಬೇಕು, ಶೂನ್ಯ ದರದ ಟಿಕೀಟನ್ನು ಪಡೆದು ಇಳಿಯುವವರೆಗೂ ಜೋಪಾನ ಮಾಡಬೇಕು.

ಆ ತಾಯಿ ಕೂಸನ್ನು ಪಕ್ಕದವಳ ಮಡಿಲಿಗೆ ಕೊಡುತ್ತಾಳೆ. ಚೀಲವನ್ನು ತೊಡೆಯ ಮೇಲಿರಿಸಿ, ಬುತ್ತಿಯ ಗಂಟನ್ನೂ ಕೂಸಿನ ಅಂಗಿಯನ್ನೂ ಹೊರತೆಗೆದು, ತಳದಲ್ಲಿ ಅಡಗಿದ್ದ ಕಾರ್ಡನ್ನು ಹುಡುಕಿ ತೋರಿಸುತ್ತಾಳೆ. ಟಿಕೀಟು ಕೈಗೆ ಬರುತ್ತದೆ. ಅದನ್ನೀಗ ಎಲ್ಲಿಡಬೇಕು? ಸಾಮಾನನ್ನು ಮರಳಿ ಚೀಲಕ್ಕೆ ತುಂಬುವವರೆಗೆ ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾಳೆ. ಆಮೇಲೆ ಬಳೆಗಳ ಸಂದಿನಲ್ಲಿ ಸಿಕ್ಕಿಸುತ್ತಾಳೆ. ಆಚೆಯ ಆಸನದಲ್ಲಿದ್ದ ಗೃಹಸ್ಥರೊಬ್ಬರು ಎರಡು ಬೆರಳನ್ನು ಅಂಗಿಯ ಕಿಸೆಗೆ ಇಳಿಬಿಟ್ಟು ನೋಟು ತೆಗೆಯುತ್ತಾರೆ, ಅದೇ ಎರಡು ಬೆರಳಿನಿಂದ ಟಿಕೀಟನ್ನು ಅಲ್ಲಿಯೇ ಇಳಿಬಿಡುತ್ತಾರೆ. ಓದುತ್ತಿದ್ದ ಪತ್ರಿಕೆಯಿಂದ ಅವರು ಕಣ್ಣು ಕೂಡ ಎತ್ತುವುದಿಲ್ಲ.

ಇಬ್ಬರ ನಡುವಣ ಅಂತರ ಗೇಣುದ್ದದ ಒಂದು ತುಂಡು ಬಟ್ಟೆ. ಅಷ್ಟೇ.

ಇದು ತೀರ ಚಿಕ್ಕ ಮಾತೆಂದು ಯಾರಿಗಾದರೂ ತೋರಬಹುದು. ಆದರೆ ದಿನಕ್ಕೆ ಹತ್ತು ಸಲ ಎದುರಾಗುವ ತೊಡಕು ಚಿಕ್ಕದೆನಿಸಿಕೊಳ್ಳಲಾರದು. ಅದೂ ಅಲ್ಲದೆ, ನಮ್ಮ ಸ್ತ್ರೀಯರ ಉಡುಪಿನಲ್ಲಿ ಹಿಂದಿನಿಂದಲೂ ಕಿಸೆ ಇರಲಿಲ್ಲ, ಆದುದರಿಂದ ಇಂದಿಗೂ ಬೇಕಿಲ್ಲ ಎಂಬ ವಾದವೂ ನಿಲ್ಲತಕ್ಕದ್ದಲ್ಲ. ಕಿಸೆ ಎಂಬ ಹೆಸರು ಇರಲಿಲ್ಲವೆಂಬುದು ನಿಜ. ಕಿಸೆಯ ಕೆಲಸ ಮಾಡುವ ವಸ್ತು ಇದ್ದೇ ಇತ್ತು. ಅದೇ ಉಡಿ.

ಉಡಿಯೆಂಬ ಭಂಡಾರ

‘ಉಡು’ ಎಂಬ ಮಾತಿನಿಂದಲೇ ಉಡುಗೆ, ಉಡುಪು, ಉಡಿ ಎಲ್ಲವೂ ಹುಟ್ಟಿವೆ. ಉಟ್ಟ ಸೀರೆಯ ಒಂದು ಭಾಗವನ್ನು ನಡುವಿನ ಬಳಿ ಮಡಿಸಿ ಸಿಕ್ಕಿಸಿದಾಗ ಮುಂದುಗಡೆ ಏರ್ಪಡುವ ಚೀಲದಂಥ ಜಾಗವೇ ಉಡಿ. ಎಂಟು ಗಜ, ಒಂಬತ್ತು ಗಜದ ಸೀರೆಯಲ್ಲಿ ಇದಕ್ಕೆ ಬಟ್ಟೆಯ ಕೊರತೆಯಿರಲಿಲ್ಲ. ಇಳಕಲ್ಲು, ಬೆಟಗೇರಿ, ಗಜೇಂದ್ರಗಡಗಳ ಮಗ್ಗಗಳಿಂದ ಬಂದ ಹತ್ತಿಯ ಸೀರೆ ಒರಟಾಗಿತ್ತು, ಗಟ್ಟಿಯಾಗಿತ್ತು. ಅದರಲ್ಲಿ ಹಾಕಿದ ಗಂಟು ಬಿಚ್ಚುತ್ತಿರಲಿಲ್ಲ, ಮಾಡಿದ ಮಡಿಕೆ ಜಾರುತ್ತಿರಲಿಲ್ಲ.

ಕೋಟುಮಚಗಿಯ ಸುತ್ತಲಿನದು ಎರೆಯ ನೆಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಮತ್ತು ಬಿಳಿಜೋಳ, ಅಲ್ಲಲ್ಲಿ ಹತ್ತಿ ಮತ್ತು ಮೆಣಸಿನಕಾಯಿ. ಈ ಬೆಳೆಗಳೊಡನೆ ಹೆಣ್ಣಿನ ಉಡಿಯೂ ಹೊಲಕ್ಕೆ ಹೋಗುತ್ತ ಬಂದಿದೆ. ಹತ್ತಿ ಬಿಡಿಸುವಾಗ ಎರಡು ಕೈಗಳೂ ಗಿಡದ ಮೇಲಿರಬೇಕು. ಬಿಡಿಸಿದ ಹತ್ತಿ ಉಡಿಗೆ ಬೀಳಬೇಕು. ಎಳೆಯ ಕಡಲೆಯ ಕುಡಿ ಚಿವುಟುವಾಗಲೂ ಹಾಗೆಯೇ. ಸಂಜೆ ಮನೆಗೆ ಬರುವಾಗ ಪಲ್ಯಕ್ಕಾಗುವಷ್ಟು ಸೊಪ್ಪು ಉಡಿಯಲ್ಲಿರುತ್ತಿತ್ತು. ಉಡಿಯಲ್ಲದೆ, ನಡುವಿಗೆ ಸಿಕ್ಕಿಸಿದ ಎಲೆ-ಅಡಿಕೆಯ ಸಂಚಿ. ಸೆರಗಿನ ತುದಿಯ ಗಂಟಿನಲ್ಲಿ ಚಿಲ್ಲರೆ. ಮನೆಯ ಯಜಮಾನಿಯಾದರೆ ಸೊಂಟದಲ್ಲಿ ಕೀಲಿಕೈಗಳ ಗೊಂಚಲು. ಅತ್ತೆಯ ಸೊಂಟದಲ್ಲಿ ಸದ್ದು ಮಾಡುವ ಆ ಗೊಂಚಲಿನಿಂದಲೇ ಮನೆಯಲ್ಲಿ ಆಡಳಿತ ಯಾರದೆಂಬುದು ತಿಳಿಯುತ್ತಿತ್ತು.

ಉಡಿಗೆ ನಮ್ಮ ಜನ ಕೊಟ್ಟ ಗೌರವವನ್ನು ಮತ್ತಾವ ದೇಶದ ಕಿಸೆಯೂ ಪಡೆದಿರಲಾರದು. ತವರಿನಿಂದ ಹೊರಡುವ ಮಗಳಿಗೆ ಉಡಿ ತುಂಬದೆ ಕಳುಹಿಸುವುದುಂಟೇ? ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಸಿನದ ಕೊಂಬು, ಗುಳೇದಗುಡ್ಡದ ಖಣ, ಅದರ ಮೇಲೊಂದು ನಾಣ್ಯ. ಸೀಗೆಯ ಹುಣ್ಣಿಮೆಗೆ ಪೈರು ಹೊತ್ತ ಭೂಮಿತಾಯಿಗೂ ಉಡಿ ತುಂಬುತ್ತಾರೆ. ಅನಾಥ ಕೂಸನ್ನು ಒಬ್ಬಳ ವಶಕ್ಕೆ ಕೊಡುವಾಗ ‘ನಿನ್ನ ಉಡಿಯಾಗ ಹಾಕೇನಿ’ ಎನ್ನುತ್ತಾರೆ. ಹೆಣ್ಣಿನ ಮೈಮೇಲೆ, ಅವಳದೇ ವಶದಲ್ಲಿ, ಬೇರೆಯವರ ಕೈ ತಾಗಬಾರದ ಒಂದು ಜಾಗ ಇರಬೇಕೆಂಬುದನ್ನು ಈ ಸೀಮೆಯ ಸಂಪ್ರದಾಯವೇ ಒಪ್ಪಿಕೊಂಡಿತ್ತೆಂದು ಇದರಿಂದ ತಿಳಿಯಬೇಕು.

ಕಳೆದುಹೋದ ಬಗೆ

ಆ ಉಡಿ ಎಲ್ಲಿ ಹೋಯಿತು? ಯಾರೂ ಅದನ್ನು ಕಸಿದುಕೊಳ್ಳಲಿಲ್ಲ. ಉಡುಗೆ ಬದಲಾದಂತೆ ಅದು ತಾನಾಗಿ ಕರಗಿತು. ಒಂಬತ್ತು ಗಜದ ಸೀರೆ ಆರು ಗಜಕ್ಕಿಳಿಯಿತು. ಕಚ್ಚೆಯುಡಿಗೆ ಹಿಂದೆ ಸರಿದು, ಲಂಗದ ಮೇಲೆ ನೆರಿಗೆ ಹಿಡಿದು ಉಡುವ ರೀತಿ ಪಟ್ಟಣದಿಂದ ಹಳ್ಳಿಗೂ ಬಂದಿತು. ಹತ್ತಿಯ ಬದಲು ನೈಲಾನು, ಪಾಲಿಯೆಸ್ಟರು ಬಂದವು. ಒಗೆಯಲು ಸುಲಭ, ಒಣಗಲು ಸುಲಭ, ಬೆಲೆಯೂ ಕಡಿಮೆ. ಆದರೆ ಆ ನಯವಾದ ಬಟ್ಟೆಯಲ್ಲಿ ಗಂಟು ನಿಲ್ಲದು, ಮಡಿಕೆ ಜಾರುತ್ತದೆ. ಇಂದೂ ಉಡಿ ತುಂಬುವ ಶಾಸ್ತ್ರ ತಪ್ಪಿಲ್ಲ. ಸೆರಗೊಡ್ಡಿ ಉಡಿ ತುಂಬಿಸಿಕೊಂಡ ಮುತ್ತೈದೆ ಎದ್ದು ಎರಡು ಹೆಜ್ಜೆ ನಡೆದು, ಅಕ್ಕಿಯನ್ನೂ ಕೊಬ್ಬರಿಯನ್ನೂ ಪ್ಲಾಸ್ಟಿಕ್ ಚೀಲಕ್ಕೆ ಸುರಿದುಕೊಳ್ಳುತ್ತಾಳೆ.

ಮುಂದಿನ ತಲೆಮಾರು ಸೀರೆಯಿಂದ ಚೂಡಿದಾರಕ್ಕೆ ಬಂದಿತು. ಚೂಡಿದಾರವು ಹೊಲಿದ ಉಡುಪಾದ್ದರಿಂದ ಅದರಲ್ಲಿ ಉಡಿ ಕಟ್ಟುವಂತಿಲ್ಲ. ಹೊಲಿದ ಉಡುಪಿಗೆ ಹೊಲಿದ ಕಿಸೆಯೇ ಬೇಕು. ಆದರೆ ಸಿದ್ಧ ಉಡುಪಿನ ಅಂಗಡಿಯವರಾಗಲಿ, ಊರಿನ ದರ್ಜಿಯಾಗಲಿ ಅದನ್ನು ಇಡುವ ಗೋಜಿಗೆ ಹೋಗಲಿಲ್ಲ. ಹಳೆಯ ಜಾಗ ಹೋಯಿತು, ಹೊಸ ಜಾಗ ಬರಲಿಲ್ಲ. ನಷ್ಟವಾದುದು ಹೀಗೆ, ಸದ್ದಿಲ್ಲದೆ.

ಗಂಡಸರ ಸಂಗತಿಯನ್ನು ಇದರೊಡನೆ ಹೋಲಿಸಿ ನೋಡಬೇಕು. ಧೋತರಕ್ಕೂ ಕಿಸೆಯಿಲ್ಲ. ಆದರೆ ಧೋತರ ಉಡುವ ರೈತ ತನ್ನ ರೊಕ್ಕಕ್ಕೆ ದಾರಿ ಕಾಣದೆ ಉಳಿಯಲಿಲ್ಲ. ಹಿಂದೆ ನಡುವಿಗೆ ಹಮ್ಮಿಣಿ ಕಟ್ಟಿದ. ಆಮೇಲೆ ಬನಿಯನ್ನಿಗೆ ಕಿಸೆ ಇಡಿಸಿದ, ಧೋತರದೊಳಗಿನ ಪಟ್ಟಾಪಟ್ಟಿ ಚಡ್ಡಿಗೂ ಒಂದು ಬಕ್ಕಣ ಹೊಲಿಸಿದ. ಅಂಗಿಗಂತೂ ಕೇಳುವುದೇ ಬೇಡ. ಉಡುಪು ಬದಲಾದಾಗಲೆಲ್ಲ ಅವನ ಕಿಸೆ ಅವನನ್ನು ಹಿಂಬಾಲಿಸಿತು. ಏಕೆಂದರೆ ಅವನು ಕೇಳಿದ.

ಇದು ನಮ್ಮ ಸೀಮೆಗಷ್ಟೇ ಸೀಮಿತವಾದ ಕಥೆಯೂ ಅಲ್ಲ. 17ನೆಯ ಶತಮಾನದಿಂದ 19ನೆಯ ಶತಮಾನದವರೆಗೆ ಇಂಗ್ಲಂಡಿನ ಹೆಂಗಸರು ಮೇಲಂಗಿಯ ಕೆಳಗೆ, ಸೊಂಟಕ್ಕೆ ನಾಡಿಯಿಂದ ಕಟ್ಟಿದ ದೊಡ್ಡ ಚೀಲದಂಥ ಕಿಸೆಗಳನ್ನು ತೊಡುತ್ತಿದ್ದರು. ಕತ್ತರಿ, ಕೀಲಿಕೈ, ಹಣ, ತಿನಿಸು ಎಲ್ಲವೂ ಅದರಲ್ಲಿ ಹಿಡಿಸುತ್ತಿದ್ದವು. 18ನೆಯ ಶತಮಾನದ ಕೊನೆಗೆ ಮೈಗೆ ಹೊಂದಿಕೊಳ್ಳುವ ತೆಳ್ಳನೆಯ ನಿಲುವಂಗಿ ಬಳಕೆಗೆ ಬಂದಾಗ ಒಳಗಿನ ಕಿಸೆ ಉಬ್ಬಿ ಕಾಣತೊಡಗಿತು. ಕೈಯಲ್ಲಿ ತೂಗುವ ಪುಟ್ಟ ಚೀಲ ಅದರ ಜಾಗಕ್ಕೆ ಬಂದಿತು. ಅಮೆರಿಕೆಯ ಲೇಖಕಿ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ 1914ರಲ್ಲಿ ಬರೆದ ಕಥೆಯೊಂದರಲ್ಲಿ, ಗೃಹಿಣಿಯೊಬ್ಬಳು ಇದ್ದಕ್ಕಿದ್ದಂತೆ ತನ್ನ ಗಂಡನ ದೇಹದಲ್ಲಿ ತಾನಿರುವುದನ್ನು ಕಾಣುತ್ತಾಳೆ. ಆಗ ಅವಳನ್ನು ಬೆರಗುಗೊಳಿಸುವ ಸಂಗತಿಗಳಲ್ಲಿ ಕಿಸೆಗಳೂ ಒಂದು. ಆ ಬೆರಗು ಇಂದಿಗೂ ಹಳತಾಗಿಲ್ಲ. 2018ರಲ್ಲಿ ಅಮೆರಿಕೆಯಲ್ಲಿ 20 ಕಂಪನಿಗಳ ಜೀನ್ಸುಗಳನ್ನು ಅಳೆದು ನೋಡಿದಾಗ, ಹೆಂಗಸರ ಷರಾಯಿಯ ಮುಂದಿನ ಕಿಸೆ ಗಂಡಸರದಕ್ಕಿಂತ ಸರಾಸರಿ ಶೇಕಡಾ 48ರಷ್ಟು ಗಿಡ್ಡವಾಗಿಯೂ ಶೇಕಡಾ 6.5ರಷ್ಟು ಕಿರಿದಾಗಿಯೂ ಇದ್ದುದು ಕಂಡುಬಂದಿತು. ಕಿಸೆ ಇದ್ದರೂ ಕೈ ಹಿಡಿಸುವುದಿಲ್ಲವೆಂದರೆ ಅದು ಬರಿಯ ಅಲಂಕಾರವೇ ಸರಿ.

ಯಾರ ಹಣ, ಯಾರ ಕಿಸೆ?

ಕಿಸೆಯಿಲ್ಲದ ಹೆಣ್ಣು ತನ್ನ ಸಾಮಾನನ್ನು ಎಲ್ಲಿಡುತ್ತಾಳೆ? ಸಮೀಪದ ಗಂಡಸಿನ ಕಿಸೆಯಲ್ಲಿ. ಜಾತ್ರೆಗೆ ಹೊರಟ ಕುಟುಂಬವನ್ನು ನೋಡಿರಿ. ‘ಇದನ್ನಷ್ಟು ನಿಮ್ಮ ಬಕ್ಕಣದಾಗ ಇಟ್ಕೊಳ್ರಿ’ ಎಂದು ಮನೆಯಾಕೆ ತನ್ನ ನೋಟನ್ನು ಗಂಡನಿಗೆ ಕೊಡುತ್ತಾಳೆ. ಹಣ ಅವಳದೇ. ಆದರೆ ಬಳೆಯಂಗಡಿಯ ಮುಂದೆ ನಿಂತಾಗ ಅದನ್ನು ಅವಳು ಕೇಳಿ ಪಡೆಯಬೇಕು. ‘ಎಷ್ಟು? ಯಾತಕ್ಕೆ?’ ಎಂಬ ಪ್ರಶ್ನೆ, ಕೇಡಿನ ಮನಸ್ಸಿಲ್ಲದಿದ್ದರೂ, ಬಂದೇ ಬರುತ್ತದೆ. ಇಟ್ಟುಕೊಳ್ಳಲು ಜಾಗವಿಲ್ಲದ ಒಂದೇ ಕಾರಣಕ್ಕೆ ಒಡತಿ ಬೇಡುವವಳಾಗುತ್ತಾಳೆ.

ಮನೆಯೊಳಗೆ ಈ ಕೊರತೆಯನ್ನು ಸಾಸಿವೆಯ ಡಬ್ಬಿ ತುಂಬಿಕೊಟ್ಟಿದೆ. ಮನೆಖರ್ಚಿನಲ್ಲಿ ಉಳಿಸಿದ ಹತ್ತು-ಇಪ್ಪತ್ತು ಸಾಸಿವೆಯ ಕೆಳಗೆ, ಜೀರಿಗೆಯ ಕೆಳಗೆ, ಮಡಿಸಿದ ಸೀರೆಯ ನಡುವೆ ಸೇರುತ್ತ ಬಂದಿದೆ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರ ರೂಪಾಯಿಯ ನೋಟುಗಳು ರದ್ದಾದಾಗ ಎಷ್ಟೋ ಮನೆಗಳಲ್ಲಿ ಆ ಡಬ್ಬಿಗಳ ಗುಟ್ಟು ಬಯಲಾಯಿತು. ನಕ್ಕವರು ನಕ್ಕರು. ಆದರೆ ಮಗಳ ಶುಲ್ಕಕ್ಕೆ, ತಂಗಿಯ ಹೆರಿಗೆಗೆ ಎಂದು ವರುಷಗಟ್ಟಲೆ ಕೂಡಿಟ್ಟವಳಿಗೆ ಅದು ನಗೆಯ ಮಾತಾಗಿರಲಿಲ್ಲ.

ಈಗ ಕಾಲ ಡಬ್ಬಿಯನ್ನು ದಾಟಿ ಮುಂದೆ ಬಂದಿದೆ. ಸಹಕಾರದ ಮಾತಿನಲ್ಲಿ ಗದಗ ಸೀಮೆ ಮೊದಲಿನಿಂದಲೂ ಮುಂದು. ಇದೇ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಸಂಘ ಸ್ಥಾಪನೆಯಾದುದನ್ನು ನಾಡೆಲ್ಲ ಬಲ್ಲದು. 2000ದಲ್ಲಿ ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾದ ಮೇಲೆ ಹಳ್ಳಿಯ ಹೆಂಗಸರೇ ಗುಂಪುಗೂಡಿ ವಾರವಾರ ಉಳಿತಾಯ ಕಟ್ಟತೊಡಗಿದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಬ್ಯಾಂಕ್ ಖಾತೆಯುಳ್ಳ ಮಹಿಳೆಯರು 2005-06ರಲ್ಲಿ ದೇಶದಲ್ಲಿ ಶೇಕಡಾ 15ರಷ್ಟು ಮಾತ್ರ ಇದ್ದರು. 2019-21ರಲ್ಲಿ ಶೇಕಡಾ 79ರಷ್ಟಾದರು. ತಾವೇ ಬಳಸುವ ಮೊಬೈಲ್ ಫೋನ್ ಉಳ್ಳವರು ಶೇಕಡಾ 54. ತಂದೆಯ ಅವಿಭಕ್ತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ ಬಂದಿತು.

ಎಂದರೆ, ಕಾಯಿದೆ ಅವಳಿಗೆ ಪಾಲು ಕೊಟ್ಟಿತು, ಬ್ಯಾಂಕು ಪಾಸ್‌ಬುಕ್ಕು ಕೊಟ್ಟಿತು, ಸರಕಾರ ಗುರುತಿನ ಚೀಟಿ ಕೊಟ್ಟಿತು, ಪೇಟೆ ಫೋನು ಕೊಟ್ಟಿತು. ಇವನ್ನೆಲ್ಲ ಮೈಮೇಲೆ ಇಟ್ಟುಕೊಳ್ಳಲು ದರ್ಜಿ ಮಾತ್ರ ಏನನ್ನೂ ಕೊಡಲಿಲ್ಲ. ಆದುದರಿಂದಲೇ ನೋಟು ಕುಪ್ಪಸದೊಳಗೆ ಬೆವರಿನಲ್ಲಿ ನೆನೆಯುತ್ತದೆ. ಫೋನು ಅಂಗೈಯನ್ನು ಬಿಟ್ಟಿಳಿಯುವುದಿಲ್ಲ, ಇಲ್ಲವೆ ಕಟ್ಟೆಯ ಮೇಲೆ ಮರೆತುಹೋಗುತ್ತದೆ. ಮನೆ-ಮನೆಗೆ ನಡೆಯುವ ಆಶಾ ಕಾರ್ಯಕರ್ತೆಯೂ ಅಂಗನವಾಡಿಯ ಶಿಕ್ಷಕಿಯೂ ಒಂದು ಕೈಯನ್ನು ಸದಾ ಫೋನಿಗೆ ಮೀಸಲಿಟ್ಟು, ಉಳಿದೊಂದು ಕೈಯಿಂದ ಕೂಸನ್ನು ಎತ್ತಬೇಕು, ಪುಸ್ತಕ ಬರೆಯಬೇಕು.

ಎಲ್ಲಕ್ಕೂ ಮಿಗಿಲಾಗಿ ಚಿಂತಿಸಬೇಕಾದುದು ಶಾಲೆಯ ಹುಡುಗಿಯರ ಬಗೆಗೆ. ಕೋಟುಮಚಗಿ ವಿದ್ಯೆಗೆ ಹೊಸ ಊರಲ್ಲ. ಇಲ್ಲಿ ಪಾಠ ಹೇಳುವವರಿಗಾಗಿ ಭೂಮಿ ಬಿಟ್ಟುಕೊಟ್ಟ ಸಂಗತಿ ಚಾಲುಕ್ಯರ ಕಾಲದ, ಕ್ರಿ.ಶ. 1012ರ ಶಾಸನದಲ್ಲಿಯೇ ಕಾಣುತ್ತದೆ. ಇಂದು ಇಂಥ ಊರುಗಳ ಹೆಣ್ಣುಮಕ್ಕಳು ಸಮವಸ್ತ್ರ ತೊಟ್ಟು ಗುಂಪುಗುಂಪಾಗಿ ಶಾಲೆ-ಕಾಲೇಜಿಗೆ ಹೊರಡುವುದು ಕಣ್ಣಿಗೆ ಹಬ್ಬ. ಅಣ್ಣನ ಸಮವಸ್ತ್ರದಲ್ಲಿ ಅಂಗಿಗೊಂದು, ಷರಾಯಿಗೆ ಎರಡು, ಹೀಗೆ ಮೂರು ಕಿಸೆ. ತಂಗಿಯ ಚೂಡಿದಾರದಲ್ಲಿ ಹಲವು ವೇಳೆ ಒಂದೂ ಇಲ್ಲ. ತಿಂಗಳ ಆ ದಿನಗಳಲ್ಲಿ ತನಗೆ ಬೇಕಾದ ವಸ್ತುವನ್ನು ತೆಗೆದುಕೊಂಡು ತರಗತಿಯಿಂದ ಹೊರಹೋಗಬೇಕಾದರೆ ಅವಳು ಇಡೀ ಚೀಲವನ್ನೇ ಹೆಗಲಿಗೇರಿಸಬೇಕು. ನಲವತ್ತು ಜನ ಅದನ್ನು ನೋಡುತ್ತಾರೆ. ಕೆಲವರು ಮುಸಿಮುಸಿ ನಗುತ್ತಾರೆ. ಆ ನಾಚಿಕೆಗೆ ಹೆದರಿ ಅವಳು ಸಂಜೆಯ ತನಕ ತಡೆದು ಕೂಡುತ್ತಾಳೆ, ಅಥವಾ ಆ ದಿನ ಶಾಲೆಗೇ ಬರುವುದಿಲ್ಲ. ಪಕ್ಕದ ಹೊಲಿಗೆಯಲ್ಲಿ ಒಂದು ಕಿಸೆಯಿದ್ದರೆ ಈ ಸಂಕಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಮೂರು ಆಕ್ಷೇಪಗಳು

ದರ್ಜಿಯ ಮುಂದೆ ಈ ಮಾತೆತ್ತಿದರೆ ಮೊದಲು ಬರುವ ಉತ್ತರ: ‘ಹೆಣ್ಣುಮಕ್ಕಳ ಬಟ್ಟಿಗೆ ಕಿಸೆ ಯಾಕ ಬೇಕ್ರೀ? ಬ್ಯಾಗ ಇರ್ತೈತಲ್ಲ.’ ಚೀಲ ಇದ್ದೇ ಇದೆ, ಒಳ್ಳೆಯದು. ಆದರೆ ಚೀಲವನ್ನು ಹೊರಬೇಕು, ಇಳಿಸಬೇಕು, ಕಾಯಬೇಕು. ಕಳ್ಳನೂ ಅದನ್ನೇ ನೋಡುತ್ತಾನೆ. ಹಿತ್ತಲಿಗೆ, ಕಿರಾಣಿ ಅಂಗಡಿಗೆ, ಪಕ್ಕದ ಮನೆಗೆ ಹೋಗುವಾಗ ಯಾರೂ ಚೀಲ ಒಯ್ಯುವುದಿಲ್ಲ. ಗಂಡಸರ ಬಳಿಯೂ ಚೀಲವಿರುತ್ತದೆ. ಅದಕ್ಕಾಗಿ ಅವರ ಕಿಸೆಯನ್ನು ಯಾರೂ ಕತ್ತರಿಸಿಲ್ಲ.

ಎರಡನೆಯದು ಸೊಬಗಿನ ಮಾತು. ಕಿಸೆಯಿದ್ದರೆ ಉಡುಪು ಉಬ್ಬಿ ಅಂದಗೆಡುತ್ತದೆಂದು ಕೆಲವರ ಭಯ. ಮೈಗೆ ಅಂಟಿದಂತೆ ಹೊಲಿದ ತೆಳುಬಟ್ಟೆಯಲ್ಲಿ ಇದು ಸ್ವಲ್ಪಮಟ್ಟಿಗೆ ನಿಜವೇ. ಆದರೆ ತುಸು ಸಡಿಲವಾದ ಉಡುಪಿನಲ್ಲಿ, ಪಕ್ಕದ ಹೊಲಿಗೆಯೊಳಗೆ ಅಡಗಿಸಿಟ್ಟ ಕಿಸೆ ಕಣ್ಣಿಗೇ ಬೀಳುವುದಿಲ್ಲ. ಬಳೆಯ ಸಂದಿನ ಟಿಕೀಟು, ಹಲ್ಲಿನಲ್ಲಿ ಕಚ್ಚಿದ ಚೀಟಿ, ಕುಪ್ಪಸದಿಂದ ಇಣುಕುವ ಫೋನು ಇವು ಅದಕ್ಕಿಂತ ಸೊಬಗಿನವೇ?

ಮೂರನೆಯದು ವೆಚ್ಚ. ಒಂದು ಕಿಸೆಗೆ ಬೇಕಾದುದು ಗೇಣಗಲದ ಎರಡು ತುಂಡು ಬಟ್ಟೆ, ಸ್ವಲ್ಪ ಹೆಚ್ಚಿನ ಹೊಲಿಗೆ. ದರ್ಜಿ ಅದಕ್ಕೆ ಕೂಲಿ ಕೇಳುವುದು ನ್ಯಾಯವೇ, ಕೊಡುವುದೂ ನ್ಯಾಯವೇ. ಒಂದು ಸಾಲು ಲೇಸಿಗೆ ಚೌಕಾಸಿಯಿಲ್ಲದೆ ಕೊಡುವ ಕೈ ಕಿಸೆಯ ಮುಂದೆ ಹಿಂಜರಿಯುವ ಕಾರಣವಿಲ್ಲ.

ಕರ್ನಾಟಕದ ಪೊಲೀಸ್ ಇಲಾಖೆಯಲ್ಲಿ ಈ ಬಗೆಯ ವಿಚಾರಕ್ಕೆ ಒಂದು ನಿದರ್ಶನವಿದೆ. ರಾಜ್ಯದ ಮೊದಲ ಮಹಿಳಾ ಪೊಲೀಸ್ ಮಹಾನಿರ್ದೇಶಕರಾಗಿದ್ದ ನೀಲಮಣಿ ರಾಜು ಅವರ ಕಾಲದಲ್ಲಿ, 2018ರಲ್ಲಿ, ಮಹಿಳಾ ಸಿಬ್ಬಂದಿ ಖಾಕಿ ಸೀರೆಯ ಬದಲು ಅಂಗಿ-ಷರಾಯಿ ತೊಡಬೇಕೆಂದು ಸೂಚನೆ ಹೊರಟಿತು. ಕರ್ತವ್ಯಕ್ಕೆ ಅನುಕೂಲವಾಗಬೇಕೆಂಬುದೇ ಅದರ ಹಿಂದಿನ ವಿಚಾರ. ಕಳ್ಳನನ್ನು ಬೆನ್ನಟ್ಟುವವಳಿಗೆ ಕೈ ಬಿಡುವಾಗಿರಬೇಕಾದರೆ, ಬಸ್ಸು ಹತ್ತುವವಳಿಗೂ ಕೂಸು ಎತ್ತುವವಳಿಗೂ ಅದು ಬೇಡವೇ?

ಹೊಲಿಸುವ ಕ್ರಮ

ಇನ್ನು ಮಾಡಬೇಕಾದುದೇನೆಂಬುದನ್ನು ನೋಡೋಣ. ಈಗಿನ ಫೋನುಗಳು ಸಾಮಾನ್ಯವಾಗಿ ಆರೂವರೆ ಅಂಗುಲ ಉದ್ದ, ಮೂರು ಅಂಗುಲ ಅಗಲ ಇರುತ್ತವೆ. ಕಿಸೆ ಇದಕ್ಕೆ ಸಾಲಬೇಕು. ನಾಲ್ಕು ಬೆರಳು ಮಾತ್ರ ಹಿಡಿಸುವ ಕಿಸೆಯನ್ನು ಒಪ್ಪಿಕೊಳ್ಳಲೇಬಾರದು.

ಚೂಡಿದಾರದ ಮೇಲಂಗಿಯಲ್ಲಾದರೆ, ಕಿಸೆಯ ಬಾಯಿಯನ್ನು ಬಲಬದಿಯ ಪಕ್ಕದ ಹೊಲಿಗೆಯಲ್ಲಿ, ಸೊಂಟದಿಂದ ತುಸು ಕೆಳಗೆ ಆರಂಭಿಸಬೇಕು. ಬಾಯಿ ಐದಾರು ಅಂಗುಲವಿರಲಿ, ಆದರೆ ಪಕ್ಕದ ಸೀಳು ಆರಂಭವಾಗುವುದಕ್ಕೆ ಮೊದಲೇ ಮುಗಿಯಬೇಕು. ಸೀಳು ತೀರ ಮೇಲಿದ್ದರೆ ಅದನ್ನು ಎರಡು ಅಂಗುಲ ಕೆಳಗಿಳಿಸಲು ಮೊದಲೇ ಹೇಳಬೇಕು. ಒಳಚೀಲ ಮುಂಭಾಗದ ಕಡೆಗೆ ಇಳಿಬೀಳುವಂತಿರಲಿ. ಹಿಂದಕ್ಕೆ ಬಿದ್ದರೆ ಕುಳಿತಾಗ ಒತ್ತುತ್ತದೆ. ಮೇಲಂಗಿಯ ಬಟ್ಟೆ ತೆಳುವಾಗಿದ್ದರೆ ಕಿಸೆಯನ್ನು ಷರಾಯಿಗೇ ಇಡಿಸಬಹುದು. ಪಕ್ಕದ ಸೀಳಿನಿಂದ ಕೈ ಸುಲಭವಾಗಿ ಒಳಗೆ ಹೋಗುತ್ತದೆ.

ಸೀರೆ ಉಡುವವರು ಕಿಸೆಯನ್ನು ಒಳಲಂಗಕ್ಕೆ ಇಡಿಸಬೇಕು. ನೆರಿಗೆ ಸಿಕ್ಕಿಸುವ ಜಾಗವನ್ನು ಬಿಟ್ಟು, ಅದರ ಪಕ್ಕದಲ್ಲಿ, ಲಾಡಿಯ ಪಟ್ಟಿಯಿಂದ ಎರಡು ಬೆರಳು ಕೆಳಗೆ ಕಿಸೆಯ ಬಾಯಿ ಇರಲಿ. ನಡುವಿನಲ್ಲಿ ಕೈ ಇಳಿಬಿಟ್ಟರೆ ನೇರವಾಗಿ ಅದಕ್ಕೇ ತಾಗುವಂತಿರಬೇಕು. ನೋಟು, ಕಾರ್ಡುಗಳಿಗೆ ಇದು ಧಾರಾಳವಾಗಿ ಸಾಕು; ಪ್ರಯಾಣದಲ್ಲಿ ಜಿಪ್ಪು ಹಾಕಿಸಿದರೆ ಇನ್ನೂ ಭದ್ರ. ಎಲ್ಲದಕ್ಕೂ ಒಳಚೀಲಕ್ಕೆ ಗಟ್ಟಿಯಾದ ಹತ್ತಿಬಟ್ಟೆಯನ್ನೇ ಬಳಸಬೇಕು. ಹಳೆಯ ಇಳಕಲ್ಲು ಸೀರೆಯ ತುಂಡೊಂದು ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯದು ಮತ್ತೊಂದಿಲ್ಲ. ಬಾಯಿಯ ಎರಡು ತುದಿಗಳಿಗೆ ಹೊಲಿಗೆಯನ್ನು ಹಿಂದೆ-ಮುಂದೆ ಎರಡು ಸಲ ಓಡಿಸಬೇಕು; ಕಿಸೆ ಹರಿಯುವುದು ಅಲ್ಲಿಂದಲೇ.

ಶಾಲೆಗಳ ಆಡಳಿತದವರು ಸಮವಸ್ತ್ರದ ಮಾದರಿಯನ್ನು ಗೊತ್ತುಮಾಡುವಾಗ ಬಣ್ಣದ ಜತೆಗೆ ಹುಡುಗಿಯರ ಕಿಸೆಯನ್ನೂ ಒಂದು ಸಾಲಿನಲ್ಲಿ ಬರೆದರೆ ಸಾಕು, ಸಾವಿರ ಮಕ್ಕಳಿಗೆ ಒಮ್ಮೆಗೇ ಅನುಕೂಲವಾಗುವುದು. ಅಲ್ಲಿಯತನಕ ತಾಯಂದಿರು ಕಾಯಬೇಕಾಗಿಲ್ಲ. ಮುಂದಿನ ಸಲ ಬಟ್ಟೆ ಹೊಲಿಯಲು ಕೊಡುವಾಗ ಕೊರಳಿನ ಆಕಾರವನ್ನೂ ತೋಳಿನ ಉದ್ದವನ್ನೂ ವಿವರಿಸಿದ ಮೇಲೆ, ‘ಬಲಕ್ಕೆ ಒಂದು ಕಿಸೆ’ ಎಂದು ಸೇರಿಸಬೇಕು. ದರ್ಜಿ ಯಾಕೆಂದು ಕೇಳಿದರೆ, ಅವನ ಅಂಗಿಗೆ ಅದು ಯಾಕಿದೆಯೋ ಅದಕ್ಕೇ ಎಂದರಾಯಿತು.

ಮಗಳಿಗೆ ಉಡಿ ತುಂಬಿ ಕಳುಹಿಸಿದ ನಾಡು ಇದು. ತುಂಬುವುದಕ್ಕೆ ಉಡಿಯೇ ಉಳಿಯದಿದ್ದಲ್ಲಿ, ಅವಳ ಬಟ್ಟೆಯಲ್ಲಿ ಒಂದು ಕಿಸೆಯನ್ನಾದರೂ ಹೊಲಿಸಿ ಕಳುಹಿಸಬೇಕು. ಆಗ ನಾಳಿನ ಮುಂಜಾನೆ ಕೋಟುಮಚಗಿಯ ಬಸ್ಸಿನಲ್ಲಿ ಅವಳು ಕಾರ್ಡು ತೋರಿಸಿ, ಟಿಕೀಟನ್ನು ಎರಡು ಬೆರಳಿನಿಂದ ಕಿಸೆಗೆ ಇಳಿಬಿಟ್ಟು, ಎರಡು ಕೈಯಿಂದಲೂ ಕೂಸನ್ನು ಹಿಡಿದು ಕುಳಿತುಕೊಳ್ಳುವಳು.